ನೂಲಿನಂತೆ ಸೀರೆಯೆ?

‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎಂಬ ಗಾದೆಯನ್ನು ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಉಪಮಾನ ಯಾವುದು, ಉಪಮೇಯ ಯಾವುದು, ಸಮಾನಧರ್ಮ ಯಾವುದು ಎಂದು ವಿದ್ಯಾರ್ಥಿಗಳಿಂದ ಬಿಡಿಸಿ ಹೇಳಿಸಿದ್ದೇನೆ. ಆದರೆ ಈ ಗಾದೆ ನಿಜವೆ ಎಂದು ಒಮ್ಮೆಯೂ ಕೇಳಿಕೊಂಡವನಲ್ಲ. ಅಲಂಕಾರಶಾಸ್ತ್ರಕ್ಕೆ ಆ ಪ್ರಶ್ನೆ ಬೇಕಾಗಿಯೂ ಇಲ್ಲ. ನಿವೃತ್ತನಾಗಿ ಮನೆಯಲ್ಲಿ ಕುಳಿತ ಮೇಲೆ, ಒಂದು ಯುಗಾದಿಯ ಮಧ್ಯಾಹ್ನ, ಒಂಬತ್ತು ವರ್ಷದ ಹುಡುಗನೊಬ್ಬ ನನ್ನಿಂದ ಆ ಪ್ರಶ್ನೆಯನ್ನು ಕೇಳಿಸಿದ.

ಆ ಹುಡುಗ ನನ್ನ ಮೊಮ್ಮಗ. ಕೂಸಾಗಿದ್ದಾಗ ತುಂಬು ಕೆನ್ನೆಯ, ಮಡಿಕೆ ಬಿದ್ದ ತೋಳಿನ ಮಗು. ದೃಷ್ಟಿ ತಾಗೀತೆಂದು ಅವನ ಅಜ್ಜಿ ಕೆನ್ನೆಗೆ ಕಾಡಿಗೆಯ ಬೊಟ್ಟಿಡುತ್ತಿದ್ದಳು. ಬಂದವರಿಗೆಲ್ಲ ಅವನನ್ನು ಎತ್ತಿ ತೋರಿಸಿ, ‘ನೋಡಿ, ಎಷ್ಟು ಮೈತುಂಬಿಕೊಂಡಿದ್ದಾನೆ’ ಎಂದು ಹೆಮ್ಮೆಪಟ್ಟವನು ನಾನೇ. ಎಂಟು ತುಂಬಿದಾಗ ವೈದ್ಯರು ಎತ್ತರ ತೂಕಗಳನ್ನು ಅಳೆದು, ಇದು ವಯಸ್ಸಿಗೆ ಮೀರಿದ ತೂಕ, ಬೊಜ್ಜಿನ ಲೆಕ್ಕಕ್ಕೆ ಸೇರುತ್ತದೆ ಎಂದರು. ಅಂದಿನಿಂದ ಮನೆಯಲ್ಲಿ ಅವನ ತಟ್ಟೆಗೆ ಬೇರೆ ಲೆಕ್ಕ ಶುರುವಾಯಿತು.

ಯುಗಾದಿಯ ದಿನ ಎಲ್ಲರೂ ಸಾಲಾಗಿ ಎಲೆಯ ಮುಂದೆ ಕುಳಿತಿದ್ದೆವು. ನನ್ನ ಎಲೆಗೆ ಎರಡು ಒಬ್ಬಟ್ಟು, ಮೇಲೆ ಧಾರಾಳವಾಗಿ ತುಪ್ಪ. ಪಕ್ಕದಲ್ಲಿದ್ದ ಅವನ ಎಲೆಗೆ ಅರ್ಧ ಒಬ್ಬಟ್ಟು, ತುಪ್ಪವಿಲ್ಲ. ಊಟಕ್ಕೆ ಬಂದಿದ್ದ ಬಂಧುವೊಬ್ಬರು, ‘ತಾಯಿ ಕೆಲಸಕ್ಕೆ ಹೋಗುವ ಮನೆಯಲ್ಲಿ ಮಕ್ಕಳು ಹೀಗೇ ಆಗುವುದು’ ಎಂದು ಎಲ್ಲರಿಗೂ ಕೇಳುವಂತೆ ಅಂದರು. ನನ್ನ ಸೊಸೆ ತಲೆ ತಗ್ಗಿಸಿ ಬಡಿಸುತ್ತ ಮುಂದಕ್ಕೆ ಹೋದಳು. ಹುಡುಗ ನನ್ನ ಎಲೆಯನ್ನೂ ತನ್ನ ಎಲೆಯನ್ನೂ ನೋಡಿ, ‘ತಾತ, ನನಗೊಬ್ಬನಿಗೇ ಯಾಕೆ?’ ಎಂದು ಕೇಳಿದ. ನನ್ನ ತುತ್ತು ಗಂಟಲಲ್ಲೇ ನಿಂತಿತು.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ಬದುಕಿದವನು. ಉತ್ತರ ತಿಳಿಯದಿದ್ದರೆ ಪುಸ್ತಕ ಹುಡುಕುವುದು ನನ್ನ ಹಳೆಯ ಚಾಳಿ. ಹಾಗೆ ಹುಡುಕಿ, ತಿಳಿದವರನ್ನು ಕೇಳಿ, ಎರಡು ವರ್ಷದಲ್ಲಿ ನನಗೆ ದಕ್ಕಿದ್ದನ್ನು ಇಂದು ತಮ್ಮ ಮುಂದಿಡುತ್ತೇನೆ. ಮಗುವಿನ ಆರೋಗ್ಯವನ್ನು ಕುರಿತು ಕಳೆದ ಕೆಲವು ದಶಕಗಳಲ್ಲಿ ಬೆಳಕು ಚೆಲ್ಲಿದ ಸಂಶೋಧನೆಗಳಲ್ಲಿ ಹಲವು, ಮಗುವೊಂದನ್ನೇ ಮೇಜಿನ ಮೇಲೆ ಮಲಗಿಸಿ ಪರೀಕ್ಷಿಸಿದವುಗಳಲ್ಲ. ಅವು ತಂದೆ, ತಾಯಿ, ಒಡಹುಟ್ಟಿದವರು, ಅಡುಗೆಮನೆ, ಒಟ್ಟಿನಲ್ಲಿ ಇಡೀ ಸಂಸಾರವನ್ನೇ ಅಧ್ಯಯನದ ವಸ್ತುವಾಗಿ ಇಟ್ಟುಕೊಂಡವು. ಅಂಥ ಕೆಲವನ್ನು ಮಾತ್ರ ಇಲ್ಲಿ ಆರಿಸಿಕೊಂಡಿದ್ದೇನೆ.

ಮೊದಲನೆಯದು ಡೆನ್ಮಾರ್ಕ್ ದೇಶದ್ದು. ಅಲ್ಲಿ 1924ರಿಂದ 1947ರವರೆಗೆ ನಡೆದ ದತ್ತು ಸ್ವೀಕಾರಗಳ ದಾಖಲೆಯೊಂದಿದೆ. ಮಗುವನ್ನು ಹೆತ್ತವರು ಯಾರು, ಸಾಕಿದವರು ಯಾರು ಎಂಬೆರಡೂ ಅದರಿಂದ ತಿಳಿಯುತ್ತದೆ. ತೂಕವೆಂಬುದು ರಕ್ತದಲ್ಲಿ ಬರುವುದೋ ಅನ್ನದಲ್ಲಿ ಬರುವುದೋ ಎಂದು ತಿಳಿಯಬೇಕಾದರೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ದೊರಕುವುದು ಕಷ್ಟ. ನಮ್ಮ ಕಾವ್ಯಗಳಲ್ಲಿ ಹುಡುಕಿದರೆ ಕರ್ಣನೊಬ್ಬ ಸಿಕ್ಕಾನು: ಹೆತ್ತವಳು ಕುಂತಿ, ಸಾಕಿದವಳು ರಾಧೆ. ಡೆನ್ಮಾರ್ಕಿನ ಕಡತಗಳಲ್ಲಿ ಅಂಥವರು ಸಾವಿರಗಟ್ಟಲೆ ಇದ್ದರು. ಅಮೆರಿಕದ ಆಲ್ಬರ್ಟ್ ಸ್ಟಂಕರ್ಡ್ ಎಂಬ ಮನೋವೈದ್ಯರು ಡೇನಿಷ್ ಸಂಶೋಧಕರೊಡನೆ ಸೇರಿ, ಹೀಗೆ ದತ್ತು ಹೋಗಿ ಬೆಳೆದು ದೊಡ್ಡವರಾದ 540 ಮಂದಿಯನ್ನು ಆರಿಸಿಕೊಂಡರು. ತೆಳ್ಳಗಿರುವವರು, ನಡುತೂಕದವರು, ತೂಕ ಹೆಚ್ಚಿದವರು, ಬೊಜ್ಜಿನವರು ಎಂದು ನಾಲ್ಕು ಗುಂಪು ಮಾಡಿ, ಎರಡೂ ಕಡೆಯ ತಂದೆತಾಯಿಗಳ ಮೈಕಟ್ಟಿನೊಡನೆ ಹೋಲಿಸಿ ನೋಡಿದರು. 1986ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು. ದತ್ತು ಹೋದವರು ಹೋಲುತ್ತಿದ್ದುದು ಹೆತ್ತವರನ್ನು. ಸಾಕಿದವರ ತೂಕಕ್ಕೂ ಇವರ ತೂಕಕ್ಕೂ ಯಾವ ನಂಟೂ ಕಾಣಲಿಲ್ಲ.

ಇದನ್ನು ಓದಿದಾಗ ಗಾದೆಯೇ ಗೆದ್ದಿತು ಎನಿಸಿತು. ನೂಲಿನಂತೆ ಸೀರೆ. ಹಾಗಿದ್ದರೆ ಸೊಸೆ ಕೆಲಸಕ್ಕೆ ಹೋಗುವುದರಿಂದ ಏನೂ ಆಗಲಿಲ್ಲ, ನಾನು ತಿನ್ನಿಸಿದ್ದರಿಂದಲೂ ಏನೂ ಆಗಲಿಲ್ಲ. ಮನಸ್ಸಿಗೆ ಎಷ್ಟು ಹಗುರ! ಆದರೆ ಹಗುರವಾದ ಉತ್ತರವನ್ನು ಅನುಮಾನಿಸಬೇಕೆಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದವನು ನಾನೇ ತಾನೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 5ರಿಂದ 19 ವರ್ಷದೊಳಗಿನವರಲ್ಲಿ ಬೊಜ್ಜು ಇದ್ದವರು 1990ರಲ್ಲಿ ಜಗತ್ತಿನಲ್ಲಿ ನೂರಕ್ಕೆ 2 ಮಂದಿ. 2022ರ ವೇಳೆಗೆ ನೂರಕ್ಕೆ 8 ಮಂದಿ. ಒಂದು ತಲೆಮಾರಿನಲ್ಲಿ ಮನುಷ್ಯಕುಲದ ರಕ್ತವೇ ಬದಲಾಗಿಬಿಡಲಾರದು. ನೂಲು ಅದೇ, ಸೀರೆ ಮಾತ್ರ ಬೇರೆಯಾಗಿದೆ.

ಈ ವಿರೋಧಾಭಾಸವನ್ನು ಬಿಡಿಸುವುದು ಹೇಗೆ? ನಮ್ಮ ಊರಿನ ಯಾವ ರೈತನಾದರೂ ಇದನ್ನು ಬಿಡಿಸಿಯಾನು. ಒಂದೇ ಹೊಲದಲ್ಲಿ ಹಲವು ಬಗೆಯ ಬೀಜ ಬಿತ್ತಿದರೆ ಬೆಳೆಯಲ್ಲಿ ಕಾಣುವ ವ್ಯತ್ಯಾಸವೆಲ್ಲ ಬೀಜದ್ದು. ಒಂದೇ ಬೀಜವನ್ನು ಎರಡು ಹೊಲಗಳಲ್ಲಿ ಬಿತ್ತಿದರೆ ವ್ಯತ್ಯಾಸವೆಲ್ಲ ನೆಲದ್ದು. ಅಂದಿನ ಡೆನ್ಮಾರ್ಕಿನ ಅಡುಗೆಮನೆಗಳು ಹೆಚ್ಚು ಕಡಮೆ ಒಂದೇ ಬಗೆಯ ಹೊಲಗಳು. ಅಲ್ಲಿ ಬೀಜದ ಗುಣ ಎದ್ದು ಕಂಡಿತು. ಅಷ್ಟರಿಂದ ನೆಲಕ್ಕೆ ಗುಣವೇ ಇಲ್ಲವೆಂದು ಆಗುವುದಿಲ್ಲ. ಹೊಲ ಬದಲಾದಾಗ ಏನಾಗುತ್ತದೆಂದು ತಿಳಿಯಲು, ಒಂದೇ ಬೀಜ ಎರಡು ಹೊಲದಲ್ಲಿ ಬಿದ್ದ ಕಥೆಯೊಂದು ಬೇಕಾಗಿತ್ತು. ಅದು ನನಗೆ ದೊರೆತದ್ದು ಬೊಜ್ಜಿನ ಅಧ್ಯಯನದಲ್ಲಲ್ಲ, ಮಕ್ಕಳ ಇನ್ನೊಂದು ಕಷ್ಟವಾದ ಆಹಾರದ ಅಲರ್ಜಿಯ ಅಧ್ಯಯನದಲ್ಲಿ.

ಅಲರ್ಜಿಯನ್ನು ನಮ್ಮವರು ಒಗ್ಗದಿಕೆ ಎಂದು ಕರೆದಿದ್ದಾರೆ, ಒಳ್ಳೆಯ ಮಾತು. ಮನೆಯ ಕಾವಲುಗಾರ ನೆಂಟನನ್ನೇ ಕಳ್ಳನೆಂದು ತಿಳಿದು ಹೊಡೆದಂತೆ, ಶರೀರದ ರಕ್ಷಣಾವ್ಯವಸ್ಥೆ ನಿರಪಾಯವಾದ ಆಹಾರವನ್ನು ಶತ್ರುವೆಂದು ಭಾವಿಸಿ ಎರಗುತ್ತದೆ. ಮೈ ದದ್ದು ಏಳುತ್ತದೆ, ತುಟಿ ಊದುತ್ತದೆ, ಒಮ್ಮೊಮ್ಮೆ ಉಸಿರೇ ಕಟ್ಟುತ್ತದೆ. ಇಂಗ್ಲೆಂಡ್ ಅಮೆರಿಕಗಳಲ್ಲಿ ಕಡಲೆಕಾಯಿಯ ಅಲರ್ಜಿ ಶಾಲೆಗಳನ್ನು ನಡುಗಿಸುವಷ್ಟು ಬೆಳೆಯಿತು. ಅಲರ್ಜಿಯುಳ್ಳ ಕುಟುಂಬಗಳ ಮಕ್ಕಳಿಗೆ ಮೂರು ವರ್ಷದವರೆಗೆ ಕಡಲೆಕಾಯಿಯನ್ನು ತೋರಿಸಲೇ ಬೇಡಿ, ಬಸುರಿ ಬಾಣಂತಿಯರೂ ತಿನ್ನದಿರುವುದು ಲೇಸು ಎಂದು 1998ರಲ್ಲಿ ಬ್ರಿಟನ್ನಿನಲ್ಲೂ 2000ದಲ್ಲಿ ಅಮೆರಿಕದಲ್ಲೂ ತಜ್ಞರು ಸಲಹೆ ಕೊಟ್ಟರು. ತಾಯಂದಿರು ಪಥ್ಯ ಹಿಡಿದರು. ಆದರೂ ಅಲರ್ಜಿ ಇಳಿಯಲಿಲ್ಲ.

ಲಂಡನ್ನಿನ ಗಿಡಿಯನ್ ಲ್ಯಾಕ್ ಎಂಬ ಮಕ್ಕಳ ವೈದ್ಯರು ಒಮ್ಮೆ ಇಸ್ರೇಲಿನಲ್ಲಿ ಉಪನ್ಯಾಸ ಮಾಡುತ್ತ, ‘ಕಡಲೆಕಾಯಿ ಅಲರ್ಜಿಯ ಮಗುವನ್ನು ಇತ್ತೀಚೆಗೆ ಕಂಡವರು ಕೈ ಎತ್ತಿ’ ಎಂದು ಅಲ್ಲಿನ ವೈದ್ಯರನ್ನು ಕೇಳಿದರಂತೆ. ಲಂಡನ್ನಿನಲ್ಲಾದರೆ ಸಭೆಯ ಬಹುಪಾಲು ಕೈಗಳು ಮೇಲೇಳುತ್ತಿದ್ದವು. ಅಲ್ಲಿ ಎದ್ದದ್ದು ಎರಡೋ ಮೂರೋ ಕೈ. ಅವರಿಗೆ ಅಚ್ಚರಿಯಾಯಿತು. ಆ ಬಳಿಕ ಅವರೂ ಅವರ ಸಂಗಡಿಗರೂ ಎರಡೂ ದೇಶಗಳ ಯೆಹೂದಿ ಮಕ್ಕಳನ್ನು ಹೋಲಿಸಿದರು. ವಂಶದ ಹಿನ್ನೆಲೆ ಹತ್ತಿರದ್ದು, ವಾಸ ಮಾತ್ರ ಬೇರೆ. ಬೀಜ ಒಂದು, ಹೊಲ ಎರಡು. 2008ರಲ್ಲಿ ಪ್ರಕಟವಾದಂತೆ, ಬ್ರಿಟನ್ನಿನ ಶಾಲಾಮಕ್ಕಳಲ್ಲಿ ನೂರಕ್ಕೆ 1.85ರಷ್ಟು ಕಡಲೆಕಾಯಿ ಅಲರ್ಜಿ. ಇಸ್ರೇಲಿನಲ್ಲಿ ನೂರಕ್ಕೆ 0.17 ಮಾತ್ರ. ಹತ್ತು ಪಟ್ಟು ವ್ಯತ್ಯಾಸ. ಕಾರಣವನ್ನು ಅರಸಿದರೆ, ಇಸ್ರೇಲಿನ ತಾಯಂದಿರು ಹಲ್ಲು ಬರುವ ವಯಸ್ಸಿನ ಕೂಸಿಗೇ ಬಾಂಬಾ ಎಂಬ, ಜೋಳದ ಹಿಟ್ಟಿನ ಅರಳಿಗೆ ಕಡಲೆಕಾಯಿ ಬೆರೆಸಿ ಮಾಡಿದ, ಬಾಯಲ್ಲಿಟ್ಟರೆ ಕರಗುವ ತಿಂಡಿಯನ್ನು ಕೊಡುತ್ತಿದ್ದರು. ಬ್ರಿಟನ್ನಿನ ತಾಯಂದಿರು ತಜ್ಞರ ಮಾತು ಕೇಳಿ ಏನೂ ಕೊಡುತ್ತಿರಲಿಲ್ಲ.

ಹೋಲಿಕೆ ಸಾಲದು, ಪ್ರಯೋಗ ಬೇಕು ಎಂದು ಲ್ಯಾಕ್ ಅವರ ತಂಡ 4ರಿಂದ 11 ತಿಂಗಳ 640 ಕೂಸುಗಳನ್ನು ಆರಿಸಿಕೊಂಡಿತು. ತೀವ್ರವಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದು, ಅಪಾಯ ಹೆಚ್ಚೆಂದು ತೋರಿದ ಕೂಸುಗಳು ಅವು. ಅರ್ಧದಷ್ಟು ಮಕ್ಕಳಿಗೆ ವಾರವಾರವೂ ಕಡಲೆಕಾಯಿಯ ಆಹಾರ. ಉಳಿದರ್ಧಕ್ಕೆ ಐದು ವರ್ಷದವರೆಗೆ ಪೂರ್ಣ ವರ್ಜ್ಯ. 2015ರಲ್ಲಿ ಫಲಿತಾಂಶ ಬಂತು. ದೂರವಿಟ್ಟವರಲ್ಲಿ ನೂರಕ್ಕೆ 17ರಷ್ಟು ಮಕ್ಕಳಿಗೆ ಅಲರ್ಜಿ, ತಿಂದವರಲ್ಲಿ ನೂರಕ್ಕೆ 3ರಷ್ಟಕ್ಕೆ ಮಾತ್ರ. ರಕ್ಷಣೆಗೆಂದು ಹಾಕಿದ ಬೇಲಿಯೇ ಹೊಲವನ್ನು ಮೇಯುತ್ತಿತ್ತು.

ಹೀಗೇಕೆ ಆಯಿತು ಎಂಬುದರ ಸುಳಿವು ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಸಿಕ್ಕಿತು. 1991, 1992ರಲ್ಲಿ ಅಲ್ಲಿ ಜೀನ್ ಗೋಲ್ಡಿಂಗ್ ಎಂಬ ವಿದುಷಿ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಬಸುರಿಯರನ್ನು ಸೇರಿಸಿಕೊಂಡು, ಹುಟ್ಟಿದ ಮಕ್ಕಳನ್ನು ಅವರ ಮನೆಯವರ ಸಮೇತ ವರ್ಷವರ್ಷವೂ ಹಿಂಬಾಲಿಸುವ ಅಧ್ಯಯನವನ್ನು ಆರಂಭಿಸಿದರು. ಆ ಮಕ್ಕಳು ಈಗ ತಾವೇ ತಂದೆತಾಯಿಗಳಾಗಿದ್ದಾರೆ. ಅವರ ಮಕ್ಕಳೂ ಅಧ್ಯಯನಕ್ಕೆ ಸೇರಿದ್ದಾರೆ. ಆ ದಾಖಲೆಗಳಿಂದ 2003ರಲ್ಲಿ ತಿಳಿದುಬಂದ ಸಂಗತಿ ಇದು: ತಾಯಿ ಬಸುರಿನಲ್ಲಿ ಕಡಲೆಕಾಯಿ ತಿಂದದ್ದಕ್ಕೂ ಮಗುವಿನ ಅಲರ್ಜಿಗೂ ಸಂಬಂಧ ಕಾಣಲಿಲ್ಲ. ಸಂಬಂಧ ಕಂಡದ್ದು ಕೆರೆತ ಬಿದ್ದ, ಉರಿಗೊಂಡ ಚರ್ಮಕ್ಕೆ ಹಚ್ಚಿದ, ಕಡಲೆಕಾಯಿ ಎಣ್ಣೆ ಬೆರೆತ ಮುಲಾಮುಗಳಿಗೆ. ಬಾಯಿಯ ದಾರಿಯಲ್ಲಿ ಬಂದ ಆಹಾರ ನೆಂಟನಾಗುತ್ತದೆ. ಬಿರುಕು ಬಿಟ್ಟ ಚರ್ಮದ ದಾರಿಯಲ್ಲಿ ನುಸುಳಿದ ಅದೇ ಆಹಾರ ಕಳ್ಳನೆನಿಸುತ್ತದೆ. ಲ್ಯಾಕ್ ಅವರ ತಂಡದ ಇನ್ನೊಂದು ಅಧ್ಯಯನ ಮತ್ತೂ ಒಂದು ಹೆಜ್ಜೆ ಮುಂದೆ ಹೋಯಿತು. ಮನೆಮಂದಿಯೆಲ್ಲ ಧಾರಾಳವಾಗಿ ಕಡಲೆಕಾಯಿ ತಿನ್ನುತ್ತ, ಅದರ ಅಂಶ ಮಗುವಿನ ಮೈಗೆ ಸೋಕುತ್ತಿದ್ದು, ಮಗುವಿನ ಬಾಯಿಗೆ ಮಾತ್ರ ಅದು ಬೀಳದಿದ್ದ ಮನೆಗಳಲ್ಲೇ ಅಪಾಯ ಹೆಚ್ಚು ಎಂದು ಅದು ತೋರಿಸಿತು.

ಎಲ್ಲರೂ ತಿನ್ನುತ್ತಾರೆ, ಮಗುವಿಗೆ ಮಾತ್ರ ಇಲ್ಲ! ಈ ಸಾಲನ್ನು ಓದಿ ನಾನು ಕನ್ನಡಕ ತೆಗೆದಿಟ್ಟೆ. ಕಾರಣ ಬೇರೆ, ಕಾಯಿಲೆ ಬೇರೆ, ನಿಜ. ಆದರೆ ನಮ್ಮ ಯುಗಾದಿಯ ಪಂಕ್ತಿಯೇ ಕಣ್ಣೆದುರು ಬಂದಿತು.

ಇಲ್ಲಿ ಎರಡು ಎಚ್ಚರಿಕೆಯ ಮಾತು ಹೇಳದಿದ್ದರೆ ತಪ್ಪಾದೀತು. ತೀವ್ರವಾದ ಇಸುಬು ಇರುವ ಅಥವಾ ಯಾವುದಾದರೂ ಆಹಾರದಿಂದ ಆಗಲೇ ತೊಂದರೆ ಕಂಡಿರುವ ಕೂಸಿಗೆ ವೈದ್ಯರನ್ನು ಕೇಳದೆ ಏನನ್ನೂ ಪ್ರಯೋಗಿಸಬಾರದು. ಇಡಿಯ ಕಡಲೆಕಾಯಿ ಬೀಜವನ್ನು ಯಾವ ಕೂಸಿಗೂ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ನಮ್ಮ ಬೆಂಗಳೂರು, ಮೈಸೂರುಗಳ ಶಾಲಾಮಕ್ಕಳಲ್ಲಿ ಐರೋಪ್ಯ ಸಂಶೋಧಕರ ಸಹಯೋಗದಿಂದ ನಡೆದ ಸಮೀಕ್ಷೆಯಲ್ಲಿ ಆಹಾರದ ಅಲರ್ಜಿ ತೀರ ವಿರಳವೆಂದು ಕಂಡುಬಂದಿದೆ. ಅದು ನೆಮ್ಮದಿಯ ಸಂಗತಿ. ಆದರೆ ನಮ್ಮ ಅಡುಗೆಮನೆಗಳೂ ಬದಲಾಗುತ್ತಿವೆ ಎಂಬುದನ್ನು ಮರೆಯುವಂತಿಲ್ಲ.

ಇಷ್ಟಾದ ಮೇಲೆ ನನ್ನ ಹುಡುಕಾಟ ಮನೆಯ ಕಡೆಗೇ ತಿರುಗಿತು. ಮೈಸೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನು ಬಲ್ಲವರು ಬಹಳ ಮಂದಿ ಇದ್ದೀರಿ. ನನ್ನ ಅಕ್ಕ ಹುಟ್ಟಿದ್ದು ಅಲ್ಲಿಯೇ, 1952ರಲ್ಲಿ. ನಾಲ್ಕೂವರೆ ಪೌಂಡಿನ ಕೂಸು, ಉಳಿಯುವುದೇ ಅನುಮಾನವಾಗಿತ್ತೆಂದು ನಮ್ಮಮ್ಮ ಹೇಳುತ್ತಿದ್ದರು. ಅಕ್ಕ ಉಳಿದಳು, ಆದರೆ ಕೊನೆಯವರೆಗೂ ಕಡ್ಡಿಯಂತೆಯೇ ಇದ್ದಳು. ನಲವತ್ತೈದನೆಯ ವಯಸ್ಸಿನಲ್ಲಿ ಅವಳಿಗೆ ಹೃದಯಾಘಾತವಾಯಿತು. ಬೊಜ್ಜಿಲ್ಲ, ನಾಲಗೆಯ ಚಾಪಲ್ಯವಿಲ್ಲ. ಈ ಕಾಯಿಲೆ ಇವಳಿಗೆ ಹೇಗೆ ಬಂತೆಂದು ನಾವೆಲ್ಲ ಬೆರಗಾದೆವು. ‘ಹಣೆಯಲ್ಲಿ ಬರೆದಿತ್ತು’ ಎಂದು ಹಿರಿಯರು ಮುಗಿಸಿದರು.

ಆ ಆಸ್ಪತ್ರೆಯ ಸಿಬ್ಬಂದಿ 1934ರಿಂದ ಹುಟ್ಟಿದ ಒಂದೊಂದು ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟುಕೊಂಡು ಬಂದಿದ್ದರು. ತಾಯಿಯ ಆರೋಗ್ಯ ಕೆಟ್ಟಿದ್ದರೆ ಅದರ ಗುರುತು ಮಗುವಿನ ಶರೀರದಲ್ಲಿ ಮುದುಕಾಗುವವರೆಗೂ ಉಳಿಯುತ್ತದೆ ಎಂಬ ವಿಚಾರವನ್ನು ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯವಿದ್ವಾಂಸರು ಮುಂದಿಟ್ಟಿದ್ದರು. ಅವರ ಬಳಗದ ಕೆರೋಲಿನ್ ಫಾಲ್ ಮೊದಲಾದವರು ಮೈಸೂರಿನ ವೈದ್ಯರೊಡನೆ ಕೂಡಿ, 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿದ 517 ಗಂಡಸರು ಹೆಂಗಸರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಅವರ ವರದಿಯಂತೆ, ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಮೆ ಇದ್ದವರಲ್ಲಿ ಹೃದಯದ ರಕ್ತನಾಳಗಳ ಕಾಯಿಲೆ ನೂರಕ್ಕೆ 11 ಮಂದಿಗೆ. ಮೂರು ಕಿಲೋ ದಾಟಿ ಚೆನ್ನಾಗಿ ತೂಗಿದವರಲ್ಲಿ ನೂರಕ್ಕೆ 3 ಮಂದಿಗೆ. ನನ್ನ ಅಕ್ಕನ ಕಾಯಿಲೆಗೆ ಇದೇ ಕಾರಣವೆಂದು ನಾನು ಹೇಳಲಾರೆ. ಒಬ್ಬರ ಹಣೆಬರಹವನ್ನು ಅಂಕಿಗಳು ಓದಲಾರವು. ಆದರೆ ಯಾರೋ ದಾದಿಯೊಬ್ಬಳು ಅಂದು ಮಸಿಯಲ್ಲಿ ಬರೆದಿಟ್ಟ ಸಂಖ್ಯೆಯೂ ಒಂದು ಬಗೆಯ ಬರಹವೇ ಎಂದು ತಿಳಿದು ಮೈ ಜುಮ್ಮೆಂದಿತು.

ಅದೇ ಆಸ್ಪತ್ರೆಯಲ್ಲಿ 1997, 98ರಲ್ಲಿ ಇನ್ನೊಂದು ಅಧ್ಯಯನ ಹೊಸದಾಗಿ ಆರಂಭವಾಯಿತು. ಬಸುರಿಯರ ರಕ್ತದ ಸಕ್ಕರೆಯನ್ನು ಪರೀಕ್ಷಿಸಿ, ಹುಟ್ಟಿದ ಮಕ್ಕಳನ್ನು ಬೆಳೆಬೆಳೆಯುತ್ತಲೇ ಅಳೆಯುತ್ತ ಬಂದರು, ತಂದೆಯರನ್ನೂ ಪರೀಕ್ಷಿಸಿದರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಹೆಣ್ಣುಮಕ್ಕಳು ಒಂಬತ್ತೂವರೆ ವರ್ಷದ ವೇಳೆಗೆ ಉಳಿದವರಿಗಿಂತ ಹೆಚ್ಚು ಕೊಬ್ಬು ಕೂಡಿಸಿಕೊಂಡಿದ್ದರು. ತಂದೆಗೆ ಸಕ್ಕರೆ ಕಾಯಿಲೆ ಇದ್ದ ಮಕ್ಕಳಲ್ಲಿ ಆ ನಂಟು ಅಷ್ಟು ಬಲವಾಗಿ ಕಾಣಲಿಲ್ಲ. ರಕ್ತವನ್ನು ತಂದೆ ತಾಯಿ ಇಬ್ಬರೂ ಕೊಡುತ್ತಾರೆ, ಗರ್ಭದ ಆಶ್ರಯವನ್ನು ಕೊಡುವವಳು ತಾಯಿಯೊಬ್ಬಳೆ. ಹೀಗೆ ತಂದೆಯನ್ನೂ ಜೊತೆಗಿಟ್ಟು ನೋಡಿದ್ದರಿಂದಲೇ, ಬೀಜ ಬೇರೆ, ಮೊದಲ ಹೊಲ ಬೇರೆ ಎಂಬುದು ತಿಳಿಯಿತು. ಅದೇ ಬಸುರಿಯರಲ್ಲಿ ನೂರಕ್ಕೆ 43 ಮಂದಿಗೆ ಬಿ-12 ಜೀವಸತ್ವದ ಕೊರತೆ ಇತ್ತೆಂಬುದು ಇನ್ನೊಂದು ಸಂಗತಿ.

ಪುಣೆಯ ಚಿತ್ತರಂಜನ ಯಾಜ್ಞಿಕ್ ಅವರು 1993ರಿಂದ ತಮ್ಮ ಊರಿನ ಸುತ್ತಲ ಆರು ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ ಇದಕ್ಕೆ ಜೋಡಿಯಾದದ್ದು. ಅಲ್ಲಿನ ಕೂಸುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 3.5 ಕಿಲೋ. ನಮ್ಮ ಕೂಸಿನಲ್ಲಿ ಮಾಂಸಖಂಡ ಕಡಮೆ, ಅಂಗಾಂಗ ಚಿಕ್ಕವು. ಕೊಬ್ಬು ಮಾತ್ರ ಅಷ್ಟಾಗಿ ಕಡಮೆಯಾಗಿರಲಿಲ್ಲ. ತೆಳ್ಳಗೆ ಕಾಣುವ ಕೊಬ್ಬಿನ ಕೂಸು! ಯಾಜ್ಞಿಕರು ತಮ್ಮದೇ ದೇಹವನ್ನು ದೃಷ್ಟಾಂತವಾಗಿ ಕೊಟ್ಟಿದ್ದಾರೆ. ಅವರದೂ ಅವರ ಇಂಗ್ಲಿಷ್ ಮಿತ್ರ ಯೂಡ್ಕಿನ್ ಅವರದೂ ಎತ್ತರ ತೂಕಗಳ ಅನುಪಾತ ಒಂದೇ. ಆದರೆ ಮೈಯ ಕೊಬ್ಬು ಯೂಡ್ಕಿನ್ನರಲ್ಲಿ ನೂರಕ್ಕೆ 9ರಷ್ಟು, ಯಾಜ್ಞಿಕರಲ್ಲಿ ನೂರಕ್ಕೆ 21ರಷ್ಟು. ಹೀಗಿರುವಾಗ, ಬಡಕಲಾಗಿ ಹುಟ್ಟಿದ ಮಗುವನ್ನು ಬೇಗ ಬೇಗ ದುಂಡಗೆ ಮಾಡಬೇಕೆಂಬ ನಮ್ಮ ಆತುರ ಯಾವ ದಾರಿ ಹಿಡಿದೀತೆಂದು ಯೋಚಿಸಬೇಕು. 2019ರಿಂದ 21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕಿಂತ ಹೆಚ್ಚು ಮಂದಿ ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ನೂರಕ್ಕೆ 3ಕ್ಕಿಂತ ಹೆಚ್ಚು ಮಂದಿಗೆ ತೂಕ ಮೀರಿದೆ. ಹಸಿವೂ ಬೊಜ್ಜೂ ಒಂದೇ ಬೀದಿಯ ನೆರೆಹೊರೆಯವರು.

ಆದರೆ ಇದನ್ನೆಲ್ಲ ಕೇಳಿ, ‘ಹಾಗಾದರೆ ತಪ್ಪು ತಾಯಿಯದೇ ಆಯಿತಲ್ಲ’ ಎಂದು ಹೇಳುವವರಿದ್ದಾರೆ. ಹಾಗೆ ಹೇಳುವುದು ಅನ್ಯಾಯ. ತಾಯಿಯ ಗರ್ಭ ತಾನಾಗಿ ಬರಿದಾಗುವುದಿಲ್ಲ. ಪುಣೆಯ ಅಧ್ಯಯನದಲ್ಲಿ ಬಸುರಿನಲ್ಲಿ ಹಾಲು, ಸೊಪ್ಪು, ಹಣ್ಣುಗಳನ್ನು ಹೆಚ್ಚಾಗಿ ತಿಂದವರ ಕೂಸುಗಳು ದೊಡ್ಡವಾಗಿ ಹುಟ್ಟಿದವು. ಆ ಹಾಲು, ಆ ಹಣ್ಣು ಅವಳ ಪಾಲಿಗೆ ಬರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವರು ಯಾರು? ಮನೆಯವರೆಲ್ಲ ಉಂಡೆದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುವ ಸೊಸೆಯಂದಿರನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. ನಮ್ಮಮ್ಮನೂ ಹಾಗೆಯೇ ಉಂಡವರು; ಅಕ್ಕ ಹೊಟ್ಟೆಯಲ್ಲಿದ್ದಾಗಲೂ. ಜೀವವಿಜ್ಞಾನ ಹೇಳುವ ಇನ್ನೊಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹೆಣ್ಣುಕೂಸು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಗಳು ರೂಪುಗೊಂಡಿರುತ್ತವೆ. ಎಂದರೆ, ಅಕ್ಕನ ಮಕ್ಕಳಿಗೆ ಕಾರಣವಾದ ಅಂಡ ನಮ್ಮಮ್ಮನ ಹೊಟ್ಟೆಯಲ್ಲಿಯೇ ಮೊಳೆತಿತ್ತು. ಅಂದು ನಮ್ಮ ಮನೆಯ ಪಂಕ್ತಿಯಲ್ಲಿ ಮೊದಲು ಕುಳಿತು ಉಂಡವರೆಲ್ಲರೂ ಆ ಲೆಕ್ಕಕ್ಕೆ ಪಾಲುದಾರರು.

ಕೊನೆಯ ಅಧ್ಯಯನ ಪರಿಹಾರವನ್ನು ಕುರಿತದ್ದು. ಅಮೆರಿಕದ ಮನೋವಿಜ್ಞಾನಿ ಲೆನರ್ಡ್ ಎಪ್‌ಸ್ಟೀನ್ 6ರಿಂದ 12 ವರ್ಷದ ಬೊಜ್ಜಿನ ಮಕ್ಕಳ ಕುಟುಂಬಗಳನ್ನು ಮೂರು ಗುಂಪು ಮಾಡಿದರು. ಆಹಾರ, ವ್ಯಾಯಾಮಗಳ ಉಪದೇಶ ಎಲ್ಲರಿಗೂ ಒಂದೇ. ಆದರೆ ಮೊದಲ ಗುಂಪಿನಲ್ಲಿ ಮಗು ಮತ್ತು ತಂದೆ ಅಥವಾ ತಾಯಿ ಇಬ್ಬರೂ ತಮ್ಮ ಅಭ್ಯಾಸ ತಿದ್ದಿಕೊಳ್ಳಬೇಕು, ಇಬ್ಬರ ತೂಕವನ್ನೂ ನೋಡಲಾಗುತ್ತದೆ. ಎರಡನೆಯದರಲ್ಲಿ ಮಗುವಿನ ತೂಕವನ್ನು ಮಾತ್ರ. ಮೂರನೆಯದರಲ್ಲಿ ಸುಮ್ಮನೆ ಹಾಜರಿಗೆ ಮೆಚ್ಚುಗೆ. 1990ರಲ್ಲಿ ಅವರು ಹತ್ತು ವರ್ಷಗಳ ಫಲವನ್ನು ಪ್ರಕಟಿಸಿದರು. ಮಿತಿಮೀರಿದ ತೂಕದ ಪ್ರಮಾಣ ತಂದೆತಾಯಿಯರೂ ಜೊತೆಗೂಡಿದ ಗುಂಪಿನಲ್ಲಿ ಶೇಕಡಾ 7.5ರಷ್ಟು ಇಳಿದಿತ್ತು. ಮಗುವನ್ನು ಮಾತ್ರ ತಿದ್ದಿದ ಗುಂಪಿನಲ್ಲಿ ಶೇಕಡಾ 4.5ರಷ್ಟು ಏರಿತ್ತು, ಮೂರನೆಯದರಲ್ಲಿ ಶೇಕಡಾ 14ಕ್ಕೂ ಹೆಚ್ಚು ಏರಿತ್ತು. ಅಂಕಿಗಳು ದೊಡ್ಡವಲ್ಲ, ಕುಟುಂಬಗಳೂ ಬಹಳವಲ್ಲ. ಆದರೆ ಹತ್ತು ವರ್ಷ ನಿಂತ ಫಲವೆಂಬುದನ್ನು ಮರೆಯಬಾರದು. ಉಪದೇಶ ಒಂದೇ, ಅದನ್ನು ಒಬ್ಬಂಟಿಯಾಗಿ ಹೊತ್ತ ಮಗು ಸೋತಿತು, ಮನೆಯವರೊಡನೆ ಹೊತ್ತ ಮಗು ಗೆದ್ದಿತು.

‘ನನಗೊಬ್ಬನಿಗೇ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಒಂದು ಸಂಜೆ ಸೊಸೆಯನ್ನು ಕರೆದು ಇದನ್ನೆಲ್ಲ ಹೇಳಿದೆ. ಆ ಯುಗಾದಿಯ ದಿನ ಬಂಧುಗಳ ಮಾತಿಗೆ ನಾನು ಮರುಮಾತಾಡದೆ ಕುಳಿತದ್ದು ತಪ್ಪಾಯಿತೆಂದೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮಾವ, ಅವನ ತಟ್ಟೆಯನ್ನು ಅಳೆದವರು ಎಷ್ಟೋ ಜನ. ಅವನ ಜೊತೆ ಕೂತವರು ಯಾರೂ ಇಲ್ಲ’ ಎಂದಳು. ನಾನು ಎರಡು ವರ್ಷ ಓದಿ ತಿಳಿದದ್ದನ್ನು ಅವಳು ಓದದೆಯೇ ತಿಳಿದಿದ್ದಳು.

ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲರಿಗೂ ಒಂದೇ ಅಡುಗೆ. ನನ್ನ ಕೋಣೆಯ ಬೀರುವಿನಲ್ಲಿ ಗುಟ್ಟಾಗಿದ್ದ ಕೋಡುಬಳೆಯ ಡಬ್ಬಿ ಹೊರಗೆ ಬಂತು. ಅಜ್ಜಿಯ ಬಿಸ್ಕತ್ತಿನ ಡಬ್ಬಿಯೂ. ಊಟದ ಹೊತ್ತಿನಲ್ಲಿ ಟೆಲಿವಿಷನ್ ಇಲ್ಲ. ನನ್ನ ಮಗ ಬೇಗ ಬಂದ ದಿನ ಅವನು, ಇಲ್ಲದಿದ್ದರೆ ನಾನು, ಸಂಜೆ ಹುಡುಗನೊಡನೆ ಕೆರೆಯ ಏರಿಯವರೆಗೆ ನಡೆಯುತ್ತೇವೆ. ನನಗೆ ಮೊಣಕಾಲು ನೋವು. ಅವನು ನಿಂತು ಕಾಯುತ್ತಾನೆ. ಪವಾಡವೇನೂ ನಡೆದಿಲ್ಲ. ಅವನು ಇನ್ನೂ ದುಂಡಗೆಯೇ ಇದ್ದಾನೆ. ತೂಕದ ಓಟ ನಿಂತಿದೆ, ಎತ್ತರ ಅದನ್ನು ಹಿಡಿಯುತ್ತ ಬರುತ್ತಿದೆ ಎಂದು ವೈದ್ಯರು ಹೇಳುತ್ತಾರೆ. ನನ್ನ ಸೊಂಟದ ಸುತ್ತಳತೆ ಎರಡು ಅಂಗುಲ ಇಳಿದದ್ದು ಲೆಕ್ಕಕ್ಕೆ ಸಿಗದ ಲಾಭ.

ಇನ್ನು ಗಾದೆಯ ಮಾತು. ನೂಲಿನಂತೆ ಸೀರೆ ಎಂಬುದು ಸುಳ್ಳಲ್ಲ, ಡೆನ್ಮಾರ್ಕಿನವರು ಅದನ್ನು ಅಳೆದು ತೋರಿಸಿದ್ದಾರೆ. ಆದರೆ ಮಗ್ಗದ ಮನೆಯನ್ನು ಕಂಡವರು ಬಲ್ಲರು: ನೂಲಿಗೆ ಗಂಜಿ ಹಾಕುವವರೊಬ್ಬರು, ಬಣ್ಣ ಅದ್ದುವವರೊಬ್ಬರು, ಹಾಸು ಹೂಡುವವರೊಬ್ಬರು, ಲಾಳಿ ಆಡಿಸುವವರು ಇನ್ನೊಬ್ಬರು. ನೇಯ್ಗೆ ಇಡೀ ಮನೆಯ ಕೆಲಸ. ಸೀರೆಯಲ್ಲಿ ಕುಂದು ಕಂಡಾಗ ನೂಲನ್ನು ಮಾತ್ರ ಬಯ್ಯುವವನು ಮಗ್ಗವನ್ನು ನೋಡಿದವನಲ್ಲ.

ಕಳೆದ ಯುಗಾದಿಗೂ ಒಬ್ಬಟ್ಟು ಮಾಡಿದ್ದರು. ಎಲ್ಲರ ಎಲೆಗೂ ಒಂದೊಂದು, ಒಂದೊಂದು ಮಿಳ್ಳೆ ತುಪ್ಪ. ಸೊಸೆಯೂ ನಮ್ಮ ಜೊತೆಗೇ ಪಂಕ್ತಿಯಲ್ಲಿ ಕುಳಿತಳು. ಬಡಿಸಿದ್ದು ನನ್ನ ಮಗ. ಹುಡುಗ ಈ ಸಲ ನನ್ನ ಎಲೆಯ ಕಡೆ ನೋಡಲಿಲ್ಲ. ತನ್ನದನ್ನು ನಿಧಾನವಾಗಿ, ಚೂರು ಚೂರಾಗಿ ಮುರಿದು ತಿಂದ.

(ಬಾನುಲಿ ಭಾಷಣ)